ಬೆನ್ನು ಕಾಣಿ

ಕರೆಂಟು ಹೋಗಿ ಫ್ಯಾನು ನಿಂತಾಗಲೆಲ್ಲ ನನಗೆ ಅವರ ನೆನಪಾಗುತ್ತದೆ. ಬಾರ್ಕೂರಿನಲ್ಲಿ ಹೊಳೆಬದಿಯ ನಮ್ಮ ಹಳೇ ಮನೆಯೊಳಗೆ ನೆರೆ ನುಗ್ಗಿ ಇಳಿದ ಮೇಲೆ, ನೆಲಮಾಳಿಗೆ ಒಣಗಿಸಲು ಒಬ್ಬರೇ ಬಂದ ಕೆಲಸಗಾರ ಅವರು. ಪಂಪು ಹಚ್ಚಿ ನೀರೆತ್ತಿದರು, ಕೆಸರು ಬಾಚಿದರು, ದೊಡ್ಡ ದೊಡ್ಡ ಫ್ಯಾನುಗಳನ್ನು ಗೋಡೆಗೆ ತಿರುಗಿಸಿಟ್ಟರು. ಆ ಗದ್ದಲದಲ್ಲಿ ನಾವು ಕೂಗಿಕೊಂಡೇ ಮಾತಾಡುತ್ತಿದ್ದೆವು. ಕೆಂಪು ಮುರಕಲ್ಲಿನ ಹಿಂಗೋಡೆ ಒಣಗದಿದ್ದರೆ ಕೆಡವಬೇಕೆಂದು ಇಂಜಿನಿಯರು ಹೇಳಿ ಹೋಗಿದ್ದರು. ಅದರ ಮೇಲೆಯೇ ನಾವು ಮಲಗುವ ಕೋಣೆ.

ಅವರು ಒಂದು ಕಡೆ ನಿಂತವರಲ್ಲ. ಫ್ಯಾನು ಸರಿಸುವರು, ಗೋಡೆಗೆ ಕೆನ್ನೆ ತಾಗಿಸುವರು, ಹೊರಗೆ ಹೋಗಿ ಹೊಳೆ ನೋಡಿ ಬರುವರು.

"ಹ್ವಾಯ್, ಕೂಕಂಡ್ ಚಾ ಕುಡಿನಿ," ಎಂದು ಅತ್ತೆ ಕರೆದರೆ, "ಕೂಕಂಬುಕೆ ಪುರ್ಸೊತ್ತಿಲ್ಲೆ ಅಮ್ಮ," ಎನ್ನುತ್ತ ನಿಂತೇ ಕುಡಿದು ಲೋಟ ಕೊಡುವರು.

ಸಂಜೆ ಮಾತ್ರ, ಗೋಡೆ ಒಣಗಿತೇ ಎಂದು ನೋಡಲು, ಕೂರಲೇಬೇಕಿತ್ತು. ಬಿಳಿ ಅಂಗಿ ಹಾಕಿ ಗೋಡೆಗೆ ಒರಗಿ ಕೂತು, ಸ್ವಲ್ಪ ಹೊತ್ತಿಗೆ ಎದ್ದು ನನಗೆ ಬೆನ್ನು ತೋರಿಸುವರು. "ಕಾಣಿ, ಕೆಂಪು ಇತ್ತಾ?"

ಇರುತ್ತಿತ್ತು. ಹಸಿ ಕಲ್ಲು ದಿನವೂ ಅಂಗಿಗೆ ಬಣ್ಣ ಬಿಡುತ್ತಿತ್ತು. ನನಗೆ ಹೇಳಲಿಕ್ಕೇ ಸಂಕಟ.

ಒಂದು ಸಂಜೆ ಬೆನ್ನಿನ ಮೇಲೆ ಬರೀ ಧೂಳಿತ್ತು. ಕೊಡವಿದೆ, ಹೋಯಿತು, ಅಂಗಿ ಬೆಳ್ಳಗೇ ಉಳಿಯಿತು. ಹೇಳಿದರೆ ನಂಬದೆ ಮತ್ತೆ ಒರಗಿ ಕೂತರು. ಈ ಸಲ ಏಳಲಿಲ್ಲ. ಕೂತಲ್ಲೇ ನಿದ್ದೆ ಹೋಗಿದ್ದರು.

ಪಾಪ ಮಲಗಲಿ ಎಂದು ಅತ್ತೆ ಸದ್ದಾಗದಂತೆ ಹೋಗಿ ಫ್ಯಾನುಗಳನ್ನೆಲ್ಲ ನಿಲ್ಲಿಸಿದರು.

ಮನೆ ನಿಶ್ಶಬ್ದವಾದದ್ದೇ ಅವರು ದಡಬಡಿಸಿ ಎದ್ದು ನಿಂತರು. "ಕರೆಂಟ್ ಹೋಯ್ತಾ? ನೀರ್ ಬಂತಾ?"