ನಿಮ್ಮ ಫಾದರ್‌ಗೆ ಒಂದು ಮಾತು ಹೇಳಿ

ಹಿಟ್ಟಿನ ಗಿರಣಿಯ ಮುಂದೆ ಮನುಷ್ಯರು ಸಾಲಿನಲ್ಲಿ ನಿಲ್ಲುವುದಿಲ್ಲ, ಡಬ್ಬಿಗಳು ನಿಲ್ಲುತ್ತವೆ. ಗೋಧಿ ಡಬ್ಬಿಯ ಹಿಂದೆ ರಾಗಿ ಡಬ್ಬಿ, ಅದರ ಹಿಂದೆ ಪೇಂಟಿನ ಹಳೇ ಬಕೆಟ್ಟಿನಲ್ಲಿ ಅಕ್ಕಿ. ಒಡೆಯರು ತಮ್ಮ ಪ್ರತಿನಿಧಿಯನ್ನು ಹೀಗೆ ನಿಲ್ಲಿಸಿ ತರಕಾರಿಗೋ ಬ್ಯಾಂಕಿಗೋ ಹೋಗಿಬಿಡುತ್ತಾರೆ. ಶಿವಮೊಗ್ಗದ ಗೋಪಾಳದಲ್ಲಿ ಇಪ್ಪತ್ತು ವರ್ಷದಿಂದ ಗಿರಣಿ ನಡೆಸುತ್ತಿರುವ ನಾನು ಕಂಡಂತೆ ಡಬ್ಬಿಗಳು ಬಹಳ ಸಭ್ಯ ಜೀವಿಗಳು. ಒಂದು ಇನ್ನೊಂದನ್ನು ತಳ್ಳುವುದಿಲ್ಲ. ಯಾವುದಾದರೂ ಡಬ್ಬಿ ತನ್ನ ಜಾಗ ಬಿಟ್ಟು ಮುಂದೆ ಬಂದಿದೆ ಎಂದರೆ ಅದರ ಹಿಂದೆ ಒಂದು ಕಾಲಿದೆ ಎಂದು ತಿಳಿಯಬೇಕು. ಕಾಲು ಮೆಲ್ಲಗೆ ಡಬ್ಬಿಯನ್ನು ಸರಿಸುತ್ತಿರುವಾಗ ಬಾಯಿ ನನ್ನ ಜೊತೆ ಈ ಸಲದ ಸೆಕೆಯ ಬಗ್ಗೆ ಮಾತಾಡುತ್ತಿರುತ್ತದೆ.

ಹೀಗೆ ಮುಂದೆ ಸರಿಸುವುದಕ್ಕೆ ನಮ್ಮಲ್ಲಿ ವಶೀಲಿ ಎನ್ನುತ್ತಾರೆ. ಬೇರೆಯವರು ಮಾಡಿದರೆ ಅನ್ಯಾಯ, ನಮಗಾಗಿ ಯಾರಾದರೂ ಮಾಡಿದರೆ ಉಪಕಾರ. ನೀವು ನಗಬೇಡಿ, ನಿಮ್ಮ ಡಬ್ಬಿಯೂ ಎಲ್ಲೋ ಒಂದು ಕಡೆ ಒಂದೆರಡು ಅಡಿ ಮುಂದೆ ಬಂದಿರುತ್ತದೆ.

ನನಗೂ ವಶೀಲಿ ಇದೆ ಎಂದು ನಮ್ಮ ಬಡಾವಣೆಯ ನಂಬಿಕೆ. ಅದಕ್ಕೆ ಕಾರಣ ಎರಡು. ಭದ್ರಾವತಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಮೂವತ್ತೆಂಟನೇ ವಯಸ್ಸಿನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತೆ. ನಾನು ಒಳಗೆ ಬಂದಾಗ ಮೇಲ್ವಿಚಾರಕರು ಬಂದರೆಂದು ಎದ್ದು ನಿಂತ ಮಕ್ಕಳು, ನಾನು ಅವರ ಪಕ್ಕದಲ್ಲೇ ಕೂತಾಗ ಬಹಳ ನಿರಾಶರಾದರು. ಪಾಸಾದ ಮೇಲೆ ಅರ್ಜಿ, ನೋಟೀಸು, ಕಾಗದಗಳೆಲ್ಲ ನನ್ನ ಗಿರಣಿಗೆ ಬರತೊಡಗಿದವು. ಎರಡನೆಯದು, ನಾನು ಕ್ರೈಸ್ತ. ಊರಿನ ಲೆಕ್ಕದಲ್ಲಿ ಒಬ್ಬ ಕ್ರೈಸ್ತನಿಗೆ ಸುತ್ತಮುತ್ತಲಿನ ಎಲ್ಲಾ ಕಾನ್ವೆಂಟುಗಳೂ ಆಸ್ಪತ್ರೆಗಳೂ ಚಿಕ್ಕಪ್ಪನ ಮನೆ ಇದ್ದಂತೆ. ಹಾಗಾಗಿ ಬೇಸಿಗೆ ಮುಗಿದು ಮಕ್ಕಳನ್ನು ಶಾಲೆಗೆ ಸೇರಿಸುವ ಕಾಲ ಬಂತೆಂದರೆ ಶುರುವಾಗುತ್ತದೆ, ‘ನಿಮ್ಮ ಫಾದರ್‌ಗೆ ಒಂದು ಮಾತು ಹೇಳಿ.’

ನಮ್ಮ ಚರ್ಚಿನಲ್ಲಿ ಫಾದರೇ ಇಲ್ಲ. ನಮಗಿರುವುದು ಹೆಂಡತಿ, ಇಬ್ಬರು ಮಕ್ಕಳು ಮತ್ತು ಒಂದು ಸ್ಕೂಟರ್ ಇರುವ ಅಯ್ಯನವರು. ಕಾನ್ವೆಂಟಿನ ಫಾದರು ಸಿಸ್ಟರುಗಳದು ಕ್ಯಾಥೊಲಿಕ್ ಸಭೆ, ನಮ್ಮದು ಪ್ರಾಟೆಸ್ಟೆಂಟ್ ಸಭೆ. ಮೊದಮೊದಲು ಇದನ್ನು ವಿವರಿಸುತ್ತಿದ್ದೆ. ಎರಡು ಕಿಲೋ ರಾಗಿ ಬೀಸುವಷ್ಟು ಹೊತ್ತು ಸಭೆಗಳ ಇತಿಹಾಸ ಕೇಳಿಸಿಕೊಂಡು ಕೊನೆಗೆ ಅವರು, ಅದೆಲ್ಲ ಇರಲಿ, ಒಂದು ಮಾತು ಹೇಳಿ ಎನ್ನುತ್ತಿದ್ದರು. ಆಮೇಲೆ ವಿವರಿಸುವುದನ್ನು ಬಿಟ್ಟೆ. ನಿಜ ಹೇಳಬೇಕೆಂದರೆ, ಇಲ್ಲದ ದೊಡ್ಡಸ್ತಿಕೆಯನ್ನು ಜನ ತಾವಾಗಿ ತಂದು ಹೊದಿಸುವಾಗ ಅದನ್ನು ಕೊಡವಿ ಎಸೆಯುವಷ್ಟು ವೈರಾಗ್ಯ ನನಗಿರಲಿಲ್ಲ.

ಮಂಜುಳಾ ಬಂದು ಕೇಳಿದ್ದು ಮೇ ತಿಂಗಳಲ್ಲಿ. ಮನೆಯಲ್ಲೇ ಚಪಾತಿ ಮಾಡಿ ಸವಳಂಗ ರಸ್ತೆಯ ಒಂದು ಮೆಸ್ಸಿಗೆ ದಿನಕ್ಕೆ ಇನ್ನೂರು ಕೊಡುತ್ತಿದ್ದ ಹೆಂಗಸು. ಗಂಡನದು ಗಾರೆ ಕೆಲಸ, ಮಳೆ ಹಿಡಿದರೆ ಅವನಿಗೆ ಕೆಲಸವಿಲ್ಲ. ಭದ್ರಾವತಿಯ ಒಂದು ಕಾನ್ವೆಂಟ್ ಹಾಸ್ಟೆಲಿನ ಅಡುಗೆಮನೆಗೆ ಜನ ಬೇಕಂತೆ, ತಿಂಗಳ ಸಂಬಳವಂತೆ ಎಂದು ಅವಳ ನಾದಿನಿ ಹೇಳಿದ್ದಳು. ನಿಮ್ಮೋರದ್ದೇ ಅಲ್ವಾ ಅಣ್ಣ, ಎಂದಳು. ನಾನು ಹಿಟ್ಟಿನ ಧೂಳಿನ ನಡುವೆ ಸ್ವಲ್ಪ ಗಂಭೀರವಾಗಿ ನಿಂತು, ಆಗಲಿ, ಮಾತಾಡ್ತೀನಿ, ನೀನು ಸುಮ್ಮನಿರು ಎಂದೆ.

ಅವಳು ಸುಮ್ಮನಿದ್ದಳು. ಅಷ್ಟೇ ಅಲ್ಲ, ಹೇಗೂ ಕೆಲಸ ಆಯಿತೆಂದು ಮುಂದಿನ ತಿಂಗಳಿಂದ ಬೇರೆಯವರನ್ನು ನೋಡಿಕೊಳ್ಳಿ ಎಂದು ಮೆಸ್ಸಿನವರಿಗೂ ಹೇಳಿಬಿಟ್ಟಳು. ಇದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ವಾರ ಕಳೆದಿತ್ತು. ಆ ಎರಡು ವಾರದಲ್ಲಿ ನಾನು ಮಾಡಿದ್ದೆಂದರೆ ಅವಳು ಬಂದಾಗಲೆಲ್ಲ ಮೋಟರಿನ ಸದ್ದು ಜೋರು ಮಾಡಿಕೊಂಡದ್ದು.

ಆ ಭಾನುವಾರ ಚರ್ಚಿನಲ್ಲಿ ನಮ್ಮ ಅಯ್ಯನವರ ಉಪದೇಶ ಉಪ್ಪಿನ ಬಗ್ಗೆ. ವಿಶ್ವಾಸಿಯ ಪ್ರಭಾವ ಸಾರಿನಲ್ಲಿ ಕರಗಿದ ಉಪ್ಪಿನ ಹಾಗಿರಬೇಕು, ರುಚಿಯಲ್ಲಿ ಗೊತ್ತಾಗಬೇಕೇ ಹೊರತು ಕಣ್ಣಿಗೆ ಕಾಣಬಾರದು ಎಂದರು. ನಾನೋ ಕರಗದೆ ಹಲ್ಲಿಗೆ ಸಿಕ್ಕುವ ಕಲ್ಲುಪ್ಪು. ಮನೆಗೆ ಬಂದು ಹೆಂಡತಿ ಲಿಲ್ಲಿಗೆ ಮಂಜುಳಾಳ ವಿಷಯ ಹೇಳಿದೆ. ಅವಳು ಪಾತ್ರೆ ತೊಳೆಯುವುದನ್ನು ನಿಲ್ಲಿಸದೆ ಕೇಳಿದಳು.

“ಆ ಹಾಸ್ಟೆಲಿನ ಗೇಟ್ ಯಾವ ಕಡೆ ಇದೆ ಅಂತಾದ್ರೂ ಗೊತ್ತಾ ಮಾರಾಯ್ರೆ ನಿಮಗೆ?”

ಗೊತ್ತಿರಲಿಲ್ಲ. ಮರುದಿನ ಭಾನುವಾರದ ಅಂಗಿಯನ್ನೇ ಹಾಕಿಕೊಂಡು ಭದ್ರಾವತಿ ಬಸ್ ಹತ್ತಿದೆ. ದಾರಿಯುದ್ದಕ್ಕೂ ಪ್ರಾರ್ಥನೆ ಮಾಡಿದೆ. ಯೋಚಿಸಿದರೆ ಅದೂ ಒಂದು ವಶೀಲಿಯೇ. ನನ್ನ ಮರ್ಯಾದೆ ಉಳಿಸು ಎಂಬ ಸಾಲು ಅದರಲ್ಲಿ ಮಂಜುಳಾಳ ಹೆಸರಿಗಿಂತ ಮುಂದೆ ಇತ್ತು ಎಂಬುದು ತರೀಕೆರೆ ಕಡೆಯ ಹಾಲಿನ ಕ್ಯಾನುಗಳ ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದ ನನಗೆ ಆಗ ಹೊಳೆಯಲಿಲ್ಲ.

ಹಾಸ್ಟೆಲಿನ ಸಿಸ್ಟರ್ ವಯಸ್ಸಾದವರು, ಜಗಲಿಯ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದರು. ನನ್ನ ಹೆಸರು, ಸಭೆ, ಗಿರಣಿ, ಕ್ರೈಸ್ತ ಬಂಧುತ್ವ ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಅವರು ಸಮಾಧಾನದಿಂದ ಕೇಳಿ, ಒಂದು ಕಲ್ಲು ಹೆಕ್ಕಿ ಆಚೆಗೆಸೆದು ಹೇಳಿದರು.

“ಅವರ ಚಪಾತಿ ಹೇಗಿರುತ್ತೆ ಅಂತ ನಿಮ್ಮನ್ನ ನೋಡಿ ನಾನು ಹೇಗೆ ತಿಳ್ಕೊಳ್ಳಲಿ? ಅವರನ್ನೇ ಕಳ್ಸಿ. ಗೇಟಲ್ಲಿ ಬೋರ್ಡ್ ಹಾಕಿ ಮೂರು ವಾರ ಆಯ್ತು. ನಾಳೆ ಮಧ್ಯಾಹ್ನದವರೆಗೆ ಯಾರು ಬಂದ್ರೂ ನೋಡ್ತೀವಿ, ಆಮೇಲೆ ಇಲ್ಲ.”

ಹೊರಗೆ ಬಂದು ಬೋರ್ಡು ನೋಡಿದೆ. ದೊಡ್ಡ ಕನ್ನಡ ಅಕ್ಷರ. ಯಾರ ಪರಿಚಯವೂ ಬೇಕೆಂದು ಬರೆದಿರಲಿಲ್ಲ. ಸುಮ್ಮನಿರು ಎಂದು ನಾನು ಹೇಳದೇ ಹೋಗಿದ್ದರೆ ಮಂಜುಳಾ ಎಂದೋ ಬಂದು ಹೋಗುತ್ತಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಬಂದ ಒಂದು ಯೋಚನೆಯನ್ನು ಮುಚ್ಚಿಡುವುದಿಲ್ಲ. ‘ಎಲ್ಲಾ ಮಾತಾಡಿದ್ದೀನಿ, ನಾಳೆ ಹೋಗಿ ಮುಖ ತೋರಿಸು ಸಾಕು’ ಎಂದುಬಿಟ್ಟರೆ? ಪೂರ್ತಿ ಸುಳ್ಳೂ ಅಲ್ಲ. ಕೆಲಸ ಸಿಕ್ಕರೆ ಕೀರ್ತಿ ನನಗೆ, ಸಿಗದಿದ್ದರೆ ಸಿಸ್ಟರ್ ಮಾತು ತಪ್ಪಿದರು ಎಂದಾಯಿತು. ಇಷ್ಟು ಸೊಗಸಾದ ಏರ್ಪಾಡು ಸೈತಾನನಿಗಲ್ಲದೆ ಬೇರೆಯವರಿಗೆ ಹೊಳೆಯಲಾರದು. ಆದರೆ ಹಾಗೆ ನಂಬಿಕೊಂಡು ಹೋದರೆ ಅವಳು ಅಲ್ಲಿ ತನ್ನ ಕೈಗುಣ ಹೇಳಿಕೊಳ್ಳುತ್ತಾಳೆಯೇ? ಸ್ಯಾಮಣ್ಣ ಕಳಿಸಿದ್ದಾರೆ ಎಂದು ನನ್ನ ಹೆಸರನ್ನು ಮುಂದಿಟ್ಟು ಸುಮ್ಮನೆ ನಿಲ್ಲುತ್ತಾಳೆ. ಆ ಹೆಸರಿಗೆ ಅಲ್ಲಿ ಬೇಳೆಯಲ್ಲಿನ ಕಲ್ಲಿನಷ್ಟೇ ಬೆಲೆ.

ನೆಟ್ಟಗೆ ಅವಳ ಮನೆಗೇ ಹೋದೆ. ಹಿಟ್ಟು ನಾದುತ್ತಿದ್ದಳು. ನನಗೆ ಅಲ್ಲಿ ಯಾರೂ ಗೊತ್ತಿಲ್ಲ, ಮೊದಲಿನಿಂದಲೂ ಗೊತ್ತಿರಲಿಲ್ಲ, ದೊಡ್ಡಸ್ತಿಕೆಗೆ ಹೂಂ ಅಂದೆ, ನಾಳೆ ಮಧ್ಯಾಹ್ನಕ್ಕೆ ಮುಗಿಯುತ್ತೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳ ಕೈ ನಿಂತಿತು. ನನ್ನ ಕಡೆ ನೋಡಲಿಲ್ಲ.

“ಮೆಸ್ಸಿನೋರಿಗೆ ಬೇಡ ಅಂದ್ಬಿಟ್ಟಿದ್ದೀನಲ್ಲಣ್ಣ.”

ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಮುಚ್ಚುತ್ತಾ, “ಗೊತ್ತಿಲ್ಲ ಅನ್ನೋದೊಂದು ಮಾತು ಹದಿನೈದು ದಿನ ಮೊದ್ಲೇ ಹೇಳ್ಬೋದಿತ್ತು,” ಎಂದಳು.

ಅಲ್ಲಿಂದ ನೇರವಾಗಿ ಮೆಸ್ಸಿನ ಮಾಲೀಕರ ಹತ್ತಿರ ಹೋಗಿ, ತಪ್ಪು ಅವಳದ್ದಲ್ಲ ನನ್ನದು, ಇನ್ನೊಂದು ವಾರ ಬೇರೆಯವರನ್ನು ಗೊತ್ತು ಮಾಡಬೇಡಿ ಎಂದು ಕೇಳಿಕೊಂಡೆ. ಅವರು ಒಪ್ಪಿದರು. ಇಪ್ಪತ್ತು ವರ್ಷದಲ್ಲಿ ಸಂಪಾದಿಸಿದ ಪ್ರಭಾವವೆಲ್ಲ ಸೇರಿ ಅಷ್ಟು ಕೆಲಸಕ್ಕೆ ಸಾಕಾಯಿತು.

ಮರುದಿನ ಬೆಳಿಗ್ಗೆ ಇಬ್ಬರೂ ಭದ್ರಾವತಿಗೆ ಹೋದೆವು. ದಾರಿ ತೋರಿಸಿ, ನೀವು ಒಳಗೆ ಬರೋದು ಬೇಡ ಎಂದು ಅವಳೇ ಹೇಳಿದ್ದಳು. ಗೇಟಿನ ಹೊರಗೆ ಹೊಂಗೆ ಮರದ ಕೆಳಗೆ ಒಂದೂವರೆ ಗಂಟೆ ನಿಂತೆ. ಈ ಸಲದ ಪ್ರಾರ್ಥನೆ ಚಿಕ್ಕದಿತ್ತು, ಅದರಲ್ಲಿ ನನ್ನ ಹೆಸರಿರಲಿಲ್ಲ.

ಮಂಜುಳಾ ಮೊಣಕೈವರೆಗೂ ಹಿಟ್ಟು ಮಾಡಿಕೊಂಡು ಹೊರಗೆ ಬಂದಳು. ನಲವತ್ತು ಚಪಾತಿ ಮಾಡಿಸಿದರಂತೆ. ಆಮೇಲೆ ಸಿಸ್ಟರ್ ನಿಮಗೆ ಯಾರ ಪರಿಚಯ ಎಂದು ಕೇಳಿದರಂತೆ.

“ಏನಂದೆ?” ಎಂದೆ.

“ಗಿರಣಿ ಸ್ಯಾಮಣ್ಣ ಗೊತ್ತು, ಆದ್ರೆ ಅವರಿಂದ ಏನೂ ಆಗಲ್ಲ ಅಂದೆ. ಸಿಸ್ಟರ್ ನಕ್ಕುಬಿಟ್ರು. ಒಂದನೇ ತಾರೀಕಿಂದ ಬಾ ಅಂದ್ರು.”

ನನ್ನ ಬಗ್ಗೆ ಯಾರಾದರೂ ಆಡಿದ ಮಾತುಗಳಲ್ಲಿ ಇಷ್ಟು ನಿಜವಾದದ್ದೂ ಇಷ್ಟು ಉಪಯೋಗಕ್ಕೆ ಬಂದದ್ದೂ ಇನ್ನೊಂದಿಲ್ಲ.

ಈಗಲೂ ಜನ ಬರುತ್ತಾರೆ. ಯಾವ ಫಾದರೂ ನನಗೆ ಗೊತ್ತಿಲ್ಲ, ಅರ್ಜಿ ತುಂಬಿಕೊಡ್ತೀನಿ, ಬೇಕಾದರೆ ಗೇಟಿನವರೆಗೆ ಜೊತೆಗೆ ಬರ್ತೀನಿ ಎನ್ನುತ್ತೇನೆ. ಅರ್ಧ ಜನ ಬೇಸರ ಮಾಡಿಕೊಂಡು ಹೋಗುತ್ತಾರೆ. ಉಳಿದವರ ಜೊತೆ ಗಿರಣಿಗೆ ಬಾಗಿಲು ಹಾಕಿ ಬಸ್ ಹತ್ತುತ್ತೇನೆ.