ದಂಡಿಗನಹಳ್ಳಿ ಬದುವಿನ ಡಬ್ಬಿ

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಆ ವಯಸ್ಸಿಗೆ ಹೆಂಗಸರು ಜಗುಲಿಯಲ್ಲಿ ಕೂತು ಮಂಡಿನೋವಿನ ಮಾತಾಡುತ್ತಾರೆ. ನಾನು ಮೋರಿ, ಬೇಲಿ, ಮರದ ಪೊಟರೆಗಳಿಗೆ ಕೈ ಹಾಕಿ ಡಬ್ಬಿ ಹುಡುಕುತ್ತಿದ್ದೆ. ಮಂಡಿನೋವು ಅದರ ಜೊತೆಗೇ ಇತ್ತು.

ಇದಕ್ಕೆ ಜಿಯೋಕ್ಯಾಶಿಂಗ್ ಅನ್ನುತ್ತಾರೆ. ಆ ಹೆಸರು ನನ್ನ ನಾಲಿಗೆಗೆ ಹತ್ತಲು ಒಂದು ವಾರ ಹಿಡಿಯಿತು. ವಿಷಯ ಇಷ್ಟೆ: ಯಾರೋ ಒಂದು ಡಬ್ಬಿಯಲ್ಲಿ ಚಿಕ್ಕ ಪುಸ್ತಕ ಹಾಕಿ ಎಲ್ಲೋ ಬಚ್ಚಿಡುತ್ತಾರೆ, ಆ ಜಾಗದ ಗುರುತನ್ನು ಮೊಬೈಲಿನ ಪಟ್ಟಿಗೆ ಸೇರಿಸುತ್ತಾರೆ. ಬೇಕಾದವರು ಮೊಬೈಲ್ ಹಿಡಿದು ಹೋಗಿ, ಹುಡುಕಿ, ಪುಸ್ತಕದಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರಬೇಕು. ಒಳಗೆ ಚಿಲ್ಲರೆ ಸಾಮಾನಿದ್ದರೆ ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಇಡಬಹುದು. ಬಹುಮಾನ ಏನೂ ಇಲ್ಲ. ಇಷ್ಟಕ್ಕೆ ಇಷ್ಟು ಒದ್ದಾಟವಾ ಎಂದು ಕೇಳಬೇಡಿ, ನಾನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ.

ಹಾಸನದಲ್ಲಿ ನಾನೂ ನನ್ನ ತಂಗಿಯೂ ಒಂದೇ ಮನೆಯಲ್ಲಿದ್ದೇವೆ. ಅವಳು ನರ್ಸ್ ಆಗಿದ್ದು ನಿವೃತ್ತಳಾದವಳು. ಇಂಗ್ಲಿಷ್ ಓದುತ್ತಾಳೆ, ಸ್ಕೂಟರ್ ಓಡಿಸುತ್ತಾಳೆ. ನಾನು ಸಾಲಗಾಮೆ ಕಡೆ ಹೊಲದಲ್ಲಿ ಬದುಕು ಸವೆಸಿದವಳು, ಎರಡನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಬಸ್ಸಿನ ಬೋರ್ಡು ಓದುತ್ತೇನೆ, ಹೆಸರು ಬರೆಯುತ್ತೇನೆ, ಉಳಿದದ್ದನ್ನು ನಿಧಾನವಾಗಿ ಬೈದುಕೊಂಡು ಬರೆಯುತ್ತೇನೆ. ಮಹಡಿಯಲ್ಲಿ ಬಾಡಿಗೆಗಿದ್ದ ಕಾಲೇಜಿನ ಮೇಡಂ ತಂಗಿಗೆ ಈ ಹುಚ್ಚು ಹಿಡಿಸಿ, ತಾವು ವರ್ಗವಾಗಿ ಹೋದರು. ಸ್ಕೂಟರಿನ ಹಿಂದೆ ಕೂರಲು ಒಬ್ಬರು ಬೇಕಿತ್ತು. ನಾನಿದ್ದೆ.

ಮೊದಲನೆಯ ಡಬ್ಬಿ ಅರಕಲಗೂಡಿನ ಆಚೆ ಒಂದು ಕೆರೆ ಏರಿಯ ಮೇಲೆ. ಮೊಬೈಲಿನಲ್ಲಿ ದಾರಿ ತೋರುವ ಬಾಣ ನೋಡಿದರೆ ಕೆರೆಯ ನಡುವೆ ಹೋಗಿ ನಿಂತುಕೊಂಡಿತು.

"ನೀರೊಳಕ್ಕೆ ಓಗು ಅಂತದೆ ಕಣಕ್ಕ," ಅಂದಳು ತಂಗಿ.

"ಓಗು ಮತ್ತೆ. ಅಷ್ಟ್ ವರ್ಷ ನರ್ಸಮ್ಮ ಆಗಿದ್ಯಲ್ಲ, ಈಜೋದು ಕಲಿಸ್ನಿಲ್ವಾ?"

"ಸುಮ್ಕೆ ನಿಂತ್ಕೊ. ನೀನು ಓಡಾಡಿದ್ರೆ ಬಾಣ ಅಲ್ಲಾಡ್ತದೆ."

"ನಾನು ಓಡಾಡಿದ್ರೆ ನಿನ್ ಮೊಬೈಲ್ನಾಗಿರೋ ಬಾಣ ಯಾಕೇ ಅಲ್ಲಾಡ್ತದೆ? ನಾನೇನ್ ಗಾಳಿಯಾ?"

ಬಿಸಿಲಿನಲ್ಲಿ ಎರಡು ಗಂಟೆ ಹೋಯಿತು. ಕೊನೆಗೆ ಮೊಬೈಲಿನ ಚಾರ್ಜು ಮುಗಿದು ಅದು ಸತ್ತ ಮೇಲೆ ನಾನು ಕಣ್ಣಿನಿಂದ ನೋಡಿದೆ. ತೂಬಿನ ಪಕ್ಕ ಮೂರು ಕಲ್ಲು ಒಂದರ ಮೇಲೊಂದು ಕೂತಿದ್ದವು. ಮಳೆ ಕಲ್ಲನ್ನು ಹಾಗೆ ಜೋಡಿಸುವುದಿಲ್ಲ. ಸರಿಸಿದರೆ ಹಿಂದೆ ಡಬ್ಬಿ. ಪಕ್ಕದ ಹೊಲದವನು ರಾತ್ರೋರಾತ್ರಿ ಗಡಿಕಲ್ಲನ್ನು ಗೇಣು ಸರಿಸಿದರೂ ಬೆಳಿಗ್ಗೆ ಕಂಡುಹಿಡಿಯುತ್ತಿದ್ದ ಕಣ್ಣು ನನ್ನದು. ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವ ಮೊದಲ ಮಾತು ಇದೇ. ಮೊಬೈಲು ಊರಿನ ತನಕ, ಹೊಲದ ತನಕ ಕರೆದುಕೊಂಡು ಹೋಗುತ್ತದೆ. ಕೊನೆಯ ಇಪ್ಪತ್ತು ಹೆಜ್ಜೆಗೆ ಅದನ್ನು ಚೀಲಕ್ಕೆ ಹಾಕಿ. ಯಾವುದು ತಾನಾಗಿ ಅಲ್ಲಿಗೆ ಬಂದದ್ದಲ್ಲವೋ ಅದನ್ನು ನೋಡಿ. ಪೊಟರೆಗೆ ಕೈ ಹಾಕುವ ಮೊದಲು ಕೋಲು ಹಾಕಿ, ಹಾವಿಗೆ ನಿಮ್ಮ ಆಟ ಗೊತ್ತಿಲ್ಲ. ಪೆನ್ನು ಬೇಡ, ಪೆನ್ಸಿಲ್ ಇಟ್ಟುಕೊಳ್ಳಿ, ಒದ್ದೆ ಕಾಗದದ ಮೇಲೂ ಅದು ಮೂಡುತ್ತದೆ.

ಇನ್ನೊಂದು: ಏನು ಹುಡುಕುತ್ತಿದ್ದೀರಿ ಎಂದು ಯಾರಾದರೂ ಕೇಳಿದರೆ ಸುಳ್ಳು ಹೇಳಬೇಡಿ. ಹೊಳೆನರಸೀಪುರದಲ್ಲಿ ಹೊಳೆದಂಡೆಯ ಮೆಟ್ಟಿಲ ಹತ್ತಿರ ಒಬ್ಬ ಬಟ್ಟೆ ಒಗೆಯುತ್ತಿದ್ದವನು ಕೇಳಿದ್ದಕ್ಕೆ, ತಂಗಿ ಜಾಣತನ ಮಾಡಿ, "ನಮ್ಮಕ್ಕನ ಓಲೆ ಬಿದ್ದೋಯ್ತು," ಅಂದುಬಿಟ್ಟಳು.

"ಚಿನ್ನದ್ದಾ?" ಅಂದ ಅವನು.

"ಊಂ ಕಣಪ್ಪ."

"ಲೇ, ಬರ್ರಲಾ ಎಲ್ಲಾ! ಅಜ್ಜಿ ಚಿನ್ನದೋಲೆ ಬಿದ್ದೋಗದಂತೆ!"

ಹತ್ತು ಜನ ಬಂದರು. ಸೋಪು ಬಿಟ್ಟು ಬಂದರು, ಎಮ್ಮೆ ಬಿಟ್ಟು ಬಂದರು. ಮರಳು ಜರಡಿ ಹಿಡಿದರು. ಒಬ್ಬಾಕೆ ನನ್ನ ಕೆನ್ನೆ ಹಿಡಿದು ತಿರುಗಿಸಿ, "ಎರಡ್ ಕಿವೀಲೂ ಅವೆಯಲ್ಲಜ್ಜಿ!" ಅಂದಳು. ನಾನು ತಂಗಿಯ ಮುಖ ನೋಡಿದೆ. ಅವಳು ಸ್ಕೂಟರಿನ ಕಡೆ ನಡೆಯಲು ಶುರು ಮಾಡಿದ್ದಳು. ಆ ಡಬ್ಬಿ ಇವತ್ತಿಗೂ ನನಗೆ ಸಿಕ್ಕಿಲ್ಲ. ಆ ಕಡೆ ಮುಖ ಹಾಕುವ ಹಾಗೂ ಇಲ್ಲ.

ಹೀಗೆ ಒಂದೂವರೆ ವರ್ಷ ಸುತ್ತಿದೆವು. ಸಿಕ್ಕಿದ್ದಕ್ಕಿಂತ ಸಿಗದ್ದೇ ಹೆಚ್ಚು. ನಮ್ಮ ಜಿಲ್ಲೆಯಲ್ಲಿ ಇಂಥ ಡಬ್ಬಿಗಳೇ ಕಡಿಮೆ, ಇದ್ದವುಗಳಲ್ಲಿ ಅರ್ಧ ಯಾವಾಗಲೋ ಕಳೆದುಹೋದವು. ರೋಸಿಹೋಗಿ ನಾನೇ ಒಂದು ಇಡುತ್ತೇನೆ ಅಂದೆ. ತಂಗಿ ನನ್ನ ಹೆಸರಿನಲ್ಲೇ ಬರೆಸಿದಳು. ಗಂಡನ ಜಮೀನು ಗಂಡನ ಹೆಸರಿನಲ್ಲಿತ್ತು, ಆಮೇಲೆ ಮೈದುನನ ಮಕ್ಕಳ ಹೆಸರಿಗೆ ಹೋಯಿತು. ಈಗಿರುವ ಮನೆ ತಂಗಿಯದು. ನನ್ನ ಹೆಸರು ಅಂತ ಎಲ್ಲಾದರೂ ಇದ್ದದ್ದು ಆ ಪಟ್ಟಿಯಲ್ಲಿ, ಆ ಒಂದು ಡಬ್ಬಿಯ ಮೇಲೆ. ಅದು ನನಗೆ ಬೇಕಿತ್ತು.

ಚನ್ನರಾಯಪಟ್ಟಣದ ಕಡೆ, ದಂಡಿಗನಹಳ್ಳಿಯಿಂದ ಸ್ವಲ್ಪ ದೂರದಲ್ಲಿ ರಸ್ತೆಗೆ ಹತ್ತಿರವಾಗಿ ಎರಡು ಹೊಲದ ನಡುವಿನ ಬದುವಿನ ಮೇಲೆ ಒಂದು ಹೊಂಗೆಮರ, ಅದಕ್ಕೊಂದು ಪೊಟರೆ. ಶ್ರವಣಬೆಳಗೊಳಕ್ಕೆ ಹೋಗುವವರು ಇಳಿದು ನೋಡಬಹುದು ಅನ್ನಿಸಿತು. ಜಮೀನಿನವರನ್ನು ಕೇಳಿ ಇಡಬೇಕು ಎಂದು ತಂಗಿ ನಿಯಮ ಓದಿದಳು.

"ಬದುಗೆ ಯಾರನ್ನೇ ಕೇಳಾದು? ಎರಡ್ ಒಲದೋರ್ಗೂ ಸೇರಿದ್ದು. ಒಬ್ರದ್ದಲ್ಲ," ಅಂದೆ. ಬದುವಿನ ಒಂದು ಗೇಣಿಗೆ ಹತ್ತು ವರ್ಷ ಜಗಳ ಆಡಿದ ಮನೆಯವಳು ನಾನು. ಆದರೂ ಹಾಗಂದೆ.

ಇಡುವಾಗ ಡಬ್ಬಿಗೆ ಅರಿಶಿನ ಕುಂಕುಮ ಹಚ್ಚಿದೆ. ಹೊಸ ಕುಡುಗೋಲಿಗೆ ಹಚ್ಚುತ್ತೇವೆ, ಹೊಸ ಸ್ಕೂಟರಿಗೆ ಹಚ್ಚುತ್ತೇವೆ, ಇದಕ್ಕೆ ಬಿಡುವುದು ಹೇಗೆ? ದೃಷ್ಟಿ ತಾಗದಿರಲಿ ಎಂದು ಕರಿದಾರ ಸುತ್ತಿದೆ. ಪಕ್ಕದಲ್ಲಿ ಒಂದು ನಿಂಬೆಹಣ್ಣು.

"ತಿನ್ನೋ ಸಾಮಾನು ಇಡಂಗಿಲ್ಲ ಕಣಕ್ಕ, ನಿಯಮ ಅದೆ."

"ಯಾರ್ ತಿಂತಾರೇ ಅದ್ನ? ದೃಷ್ಟಿಗೆ."

ಐದು ಜನ ಹುಡುಕಿ ಹೆಸರು ಬರೆದರು. ತಂಗಿ ಮೊಬೈಲಿನಲ್ಲಿ ಒಂದೊಂದನ್ನೂ ಓದಿ ಹೇಳಿದಳು. ಅದರಲ್ಲೊಬ್ಬರು ಒಂದು ಸಣ್ಣ ಪ್ಲಾಸ್ಟಿಕ್ ಗೊಂಬೆ ಬಿಟ್ಟಿದ್ದರು, ಇನ್ನೊಬ್ಬರು ಕೂದಲಿನ ಕ್ಲಿಪ್ಪು. ನನಗೆ ಹಿಗ್ಗು. ಆಮೇಲೆ ಒಬ್ಬರು ಬಂದು ಸಿಗಲಿಲ್ಲ ಎಂದು ಬರೆದರು. ಮತ್ತಿಬ್ಬರು ಹಾಗೇ ಬರೆದರು. ಪಟ್ಟಿ ನೋಡಿಕೊಳ್ಳುವವರಿಂದ ನೋಟೀಸು ಬಂತು: ತಿಂಗಳೊಳಗೆ ಹೋಗಿ ಸರಿ ಮಾಡಿ, ಇಲ್ಲದಿದ್ದರೆ ತೆಗೆಯುತ್ತೇವೆ. ತಂಗಿಗೆ ಆಗ ಬೆನ್ನುನೋವು. ಇಪ್ಪತ್ತೈದು ದಿನ ಅವಳನ್ನು ಬೈದೆ. ಇಪ್ಪತ್ತಾರನೇ ದಿನ ಹೊಸ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆವು.

ಪೊಟರೆ ಖಾಲಿ. ಒಳಗೆಲ್ಲ ಸುಟ್ಟ ಕಪ್ಪು. ಮರದ ಸುತ್ತ ಹುಲ್ಲು ಸೊಂಟದ ತನಕ ಬೆಳೆದಿತ್ತು, ಉಳುಮೆಯ ಸಾಲು ಎರಡು ಮಾರು ದೂರದಲ್ಲೇ ನಿಂತಿತ್ತು. ಅಷ್ಟರಲ್ಲಿ ಹೊಲದ ಆ ಕಡೆಯಿಂದ ನಲವತ್ತರ ಮೇಲಿನ ಒಬ್ಬ ಹೆಂಗಸು ಕುಡುಗೋಲು ಹಿಡಿದು ಬಂದಳು. ಹತ್ತಿರ ಬರಲಿಲ್ಲ, ಸಾಲಿನಾಚೆ ನಿಂತಳು.

"ಏನುಡುಕ್ತೀರಿ ಅಲ್ಲಿ?"

"ಡಬ್ಬಿ ಕಣವ್ವ. ನಾನೇ ಮಡಗಿದ್ದೆ," ಅಂದೆ.

ಅವಳು ಕಿರುಚಿದಳು. "ನೀನಾ? ನಾವೇನ್ ಮಾಡಿದ್ವಿ ನಿಂಗೆ? ನಿನ್ ಮುಖ್ವೇ ನೋಡಿಲ್ವಲ್ಲ ನಾನು!"

ಕೇಳುತ್ತ ಹೋದ ಹಾಗೆ ನನಗೆ ಅರ್ಥವಾಯಿತು. ಕುಂಕುಮ, ಕರಿದಾರ, ಒಣಗಿದ ನಿಂಬೆಹಣ್ಣು, ಗೊಂಬೆ, ಹೆಂಗಸಿನ ಕ್ಲಿಪ್ಪು, ಕಾಗದದ ಮೇಲೆ ಗುರುತಿಲ್ಲದವರ ಹೆಸರು. ನನ್ನ ಹೊಲದಲ್ಲಿ ಸಿಕ್ಕಿದ್ದರೆ ನಾನೂ ಮಾಟ ಅಂತಲೇ ತಿಳಿಯುತ್ತಿದ್ದೆ. ಅದೇ ವಾರ ಅವಳ ಹಸು ಹಾಲು ಬತ್ತಿಸಿತ್ತಂತೆ. ಯಾರನ್ನೋ ಕರೆಸಿ ಉಪ್ಪು ಮೆಣಸಿನಕಾಯಿ ಹಾಕಿ ಡಬ್ಬಿ ಸುಡಿಸಿದರಂತೆ. ಸುಟ್ಟ ಮೇಲೂ ಗುರುತಿಲ್ಲದವರು ಮೊಬೈಲ್ ಹಿಡಿದು ಬಂದು ಪೊಟರೆ ಇಣುಕಿ ಹೋಗುತ್ತಿದ್ದರಂತೆ.

"ನಮ್ ಮಗ್ಳು ಬಸುರಿ. ಏಳ್ ತಿಂಗ್ಳು. ಕರ್ಕೊಂಡ್ ಬರಕ್ಕೆ ಇನ್ನೂ ಓಗಿಲ್ಲ. ಬೀಗ್ರು ಮಾತಾಡ್ಕಂತಾವ್ರೆ. ಈ ಮನೇಗೆ ಎಂಗೆ ಕರ್ಕೊಂಡ್ ಬರ್ಲಿ ನಾನು?"

"ಆಟ ಕಣವ್ವ ಅದು," ಅಂದೆ.

"ಆಟವಾ? ನಿನ್ ವಯಸ್ಗೆ? ಅರಿಶ್ನ ಕುಂಕುಮ ಆಕೊಂಡು ಆಡೋ ಆಟವಾ?"

ತಂಗಿ ಮೊಬೈಲ್ ತೆಗೆದು ಪಟ್ಟಿ ತೋರಿಸಲು ಹೋದಳು. ಆ ಹೆಂಗಸು ಅದನ್ನೂ ಮುಟ್ಟಲಿಲ್ಲ. "ಮನೇಗ್ ಬಾ. ಒಲೆ ಮುಟ್ಟಿ ಆಣೆ ಮಾಡು," ಅಂದಳು. ಹೋದೆ. ಬಗ್ಗಲು ಮಂಡಿ ಬಿಡಲಿಲ್ಲ, ತಂಗಿಯ ತೋಳು ಹಿಡಿದು ಬಗ್ಗಿ ಒಲೆ ಮುಟ್ಟಿ, ನಿನ್ನ ಮನೆಗೆ ಕೇಡು ಬಯಸಿ ಇಟ್ಟದ್ದಲ್ಲ, ಕೇಳದೆ ಇಟ್ಟದ್ದು ನನ್ನ ತಪ್ಪು ಅಂದೆ. ಅವಳ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು, ಅಷ್ಟೆ. ಮಜ್ಜಿಗೆ ಕೊಡಲಿಲ್ಲ. ಕೊಡುತ್ತಾಳೆ ಎಂದು ನಾನೂ ಕಾಯಲಿಲ್ಲ.

ರಸ್ತೆಗೆ ಬಂದ ಮೇಲೆ ತಂಗಿ ಮೆಲ್ಲಗೆ, "ಒಸ ಡಬ್ಬಿ ಅದಲ್ಲಕ್ಕ. ರಸ್ತೆ ಪಕ್ಕ ಆ ಕಲ್ಲ್ ಕೆಳ್ಗೆ ಮಡಗಿಬುಡಣ. ಗುರುತು ಅಷ್ಟೇನು ಬದ್ಲಾಗಲ್ಲ. ನಿನ್ ಹೆಸ್ರೂ ಉಳೀತದೆ," ಅಂದಳು.

ನಿಜ ಹೇಳುತ್ತೇನೆ, ಚೀಲಕ್ಕೆ ಕೈ ಹಾಕಿದ್ದೆ. ಆ ಕಲ್ಲಿನಿಂದ ಅವಳ ಹೊಂಗೆಮರ ಹತ್ತು ಮಾರು. ಬಂದವರು ಬಾಣ ಅಲ್ಲಾಡಿದ ಕಡೆಗೆಲ್ಲ ಹೋಗುತ್ತಾರೆ, ನಾನೇ ಹೋದವಳಲ್ಲವಾ. ಪೊಟರೆ ಕಂಡರೆ ಇಣುಕದೆ ಬಿಡುವುದಿಲ್ಲ. ಆ ಹೆಂಗಸು ಹುಲ್ಲು ಕೊಯ್ಯುತ್ತ ನೋಡುತ್ತಾಳೆ. ಮತ್ತೆ ಮಗಳನ್ನು ಕರೆತರುವುದು ಮುಂದಕ್ಕೆ ಹೋಗುತ್ತದೆ. ಏಳು ತಿಂಗಳ ಬಸಿರು ಕಾಯುವುದಿಲ್ಲ.

"ಬ್ಯಾಡ ಕಣೆ. ಸ್ಕೂಟರ್ ತೆಗಿ," ಅಂದೆ. ಹಾಸನದ ತನಕ ನನಗೆ ತಂಗಿಯ ಮೇಲೆ ಸಿಟ್ಟು, ಆ ಹೆಂಗಸಿನ ಮೇಲೆ ಸಿಟ್ಟು, ವರ್ಗವಾಗಿ ಹೋದ ಮೇಡಂ ಮೇಲೂ ಸಿಟ್ಟು. ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು. ಕೇಳಿ ಇಡಬೇಕು ಎಂದು ಬರೆದಿದ್ದರು. ತಂಗಿ ಓದಿ ಹೇಳಿದ್ದಳು.

ಮರುದಿನ ಬೆಳಿಗ್ಗೆ ತಂಗಿಯನ್ನು ಎಬ್ಬಿಸಿ, ಡಬ್ಬಿಯನ್ನು ಪಟ್ಟಿಯಿಂದ ತೆಗೆಯುವ ಜಾಗ ತೋರಿಸು ಅಂದೆ. ನೋಟೀಸಿಗೆ ಇನ್ನೂ ನಾಲ್ಕು ದಿನ ಅದೆ, ಅವರೇ ತೆಗೆಯುತ್ತಾರೆ ಬಿಡು ಅಂದಳು. ನಾಲ್ಕು ದಿನದಲ್ಲಿ ಯಾರಾದರೂ ಬಂದರೆ? ಮೊಬೈಲು ಕಿತ್ತುಕೊಂಡು ಅವಳು ತೋರಿಸಿದ ಕಡೆ ನಾನೇ ಒತ್ತಿದೆ. ಖಂಡಿತವಾ ಎಂದು ಅದು ಇನ್ನೊಂದು ಸಲ ಕೇಳಿತು. ಇನ್ನೊಂದು ಸಲ ಒತ್ತಿ, ಹಲ್ಲುಜ್ಜಲು ಹೋದೆ.