ಡಾಕ್ಟರ್ ದೇರಪ್ಪನವರ ಹುತ್ತರಿ ಡ್ಯೂಟಿ

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತರಲ್ಲಿ ಗಡಿಯ ಕರಿಕೆಗೆ ವೈದ್ಯರಾಗಿ ಬಂದು, ಮರದಿಂದ ಬಿದ್ದು ಕಾಲು ಸೆಟೆದುಕೊಂಡು ಮೂಲೆ ಹಿಡಿದವರನ್ನು ಎಬ್ಬಿಸಿ ಕೂರಿಸಿದ ಡಾಕ್ಟರ್ ದೇರಪ್ಪನವರು ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅಂಥ ಸೆಟೆತವನ್ನು ಸಡಿಲಿಸುವ, ಬಾಯಲ್ಲಿ ನುಂಗುವ ಮಾತ್ರೆಯೊಂದಿದೆಯೆಂದು ನಮ್ಮವರಿಗೆ ತಿಳಿದದ್ದೇ ಅವರಿಂದ. ಔಷಧದಲ್ಲಿ ಧಾರಾಳಿಯಾದ ಅವರು ಮಾತಿನಲ್ಲಿ ಮಹಾ ಜಿಪುಣರೆಂಬುದನ್ನು, ಅವರ ಕೈಕೆಳಗೆ ದಾದಿಯಾಗಿದ್ದ ನಾನು ಚೆನ್ನಾಗಿ ಬಲ್ಲೆ.

ಆ ಮಾತ್ರೆಯನ್ನು ಅವರು ಮೊದಲು ಕೊಟ್ಟದ್ದು ಪತ್ನಿ ಯಮುನಕ್ಕನಿಗೆ. ಬೆನ್ನೆಲುಬಿನ ಕ್ಷಯ ವಾಸಿಯಾದರೂ ಅಕ್ಕನ ಕಾಲುಗಳು ಒನಕೆಯಂತೆ ಬಿಗಿದೇ ಉಳಿದಿದ್ದವು; ಸೆಳೆತ ಬಂದರೆ ಹಲ್ಲು ಕಚ್ಚಿ ಅಳುತ್ತಿದ್ದರು. ಮಾತ್ರೆ ಕೆಲಸ ಮಾಡಿ ಕಾಲು ಮೆತ್ತಗಾಗಿ ಅಕ್ಕ ನಿದ್ದೆ ಮಾಡಿದಾಗ, ಡಾಕ್ಟರು ಆಸ್ಪತ್ರೆಗೆಲ್ಲ ಸಿಹಿ ಹಂಚಿದರು.

ಆ ವರ್ಷದ ಸುಗ್ಗಿಹಬ್ಬ ಹುತ್ತರಿಗೆ ಅವರ ಮನೆಯಲ್ಲಿ ನಾನೂ ಇದ್ದೆ. ಹೊಸ ಭತ್ತದ ಕದಿರು ಹೊತ್ತು ಬರುವ ಗಂಡನ ಕಾಲಿಗೆ ಹೊಸ್ತಿಲಲ್ಲಿ ನಿಂತು ಹಾಲು ಎರೆಯುವುದು ಮನೆಯೊಡತಿಯ ಹಕ್ಕು. ಅಕ್ಕ ಏಳಹೋದರು; ಕಾಲು ಮಡಚಿ ಕುಸಿದರು. ಆ ಬಿಗಿತವೇ ಇಷ್ಟು ದಿನ ಅವರನ್ನು ನಿಲ್ಲಿಸಿತ್ತೆಂಬುದು ಆಗಲೇ ಡಾಕ್ಟರಿಗೆ ಹೊಳೆದದ್ದು.

ಮರುವರ್ಷ ಹುತ್ತರಿ ಹತ್ತಿರವಾದಾಗ ಅಕ್ಕನೇ ಡಾಕ್ಟರಿಗೆ ಹೇಳಿದರು: “ನಂಗೆ ಈ ಮಾತ್ರೆ ಬೇಡ.”

“ಸೆಳೆತ ಬಂದರೆ?”

“ಬರ್ಲಿ. ಕದಿರು ಬಾಕನ ನಾ ಕುದ್ದುಕಂಡ್ ಇರೊಕಾ? ನಂಗೆ ನಿಲ್ಲೊಕು.”

ಕದಿರು ಬರುವಾಗ ಕೂತಿರಲಾರೆನೆಂಬ ಅವರ ಹಟಕ್ಕೆ ಡಾಕ್ಟರು ಮಾತ್ರೆ ನಿಲ್ಲಿಸಿದರು. ಅಕ್ಕ ಒಂದು ಕೈಯಲ್ಲಿ ಬಾಗಿಲ ಚೌಕಟ್ಟು ಹಿಡಿದು, ಕಣ್ಣೀರು ಸುರಿಸುತ್ತಲೇ ಹಾಲೆರೆದರು. ಎರಡೂ ಕೈಯಲ್ಲಿ ಕದಿರಿದ್ದುದರಿಂದ ಡಾಕ್ಟರು ಅವರನ್ನು ಹಿಡಿದುಕೊಳ್ಳುವಂತಿರಲಿಲ್ಲ. ಅಷ್ಟು ದುಃಖದ, ಅಷ್ಟು ಚೆಲುವಾದ ಹುತ್ತರಿಯನ್ನು ನಾನು ಮತ್ತೆ ಕಂಡಿಲ್ಲ. ಮುಂದಿನ ಮಳೆಗಾಲದಲ್ಲಿ ಜ್ವರ ಬಂದು ಅಕ್ಕ ತೀರಿಕೊಂಡರು.

ಅಂದಿನಿಂದ, ನೋವು ಹೋಗಬೇಕೋ ಕಾಲ ಮೇಲೆ ನಿಲ್ಲಬೇಕೋ ಎಂದು ರೋಗಿಯನ್ನೇ ಕೇಳದೆ ಅವರು ಆ ಮಾತ್ರೆ ಬರೆದವರಲ್ಲ. ಹುತ್ತರಿ ಬಂದರೆ ನಮಗೆಲ್ಲ ಕೇಳದೆಯೇ ರಜೆ ಕೊಟ್ಟು, ಆಸ್ಪತ್ರೆಯಲ್ಲಿ ತಾವೊಬ್ಬರೇ ಉಳಿಯುತ್ತಿದ್ದರು. ಅವರ ಉಪಕಾರಗಳಲ್ಲಿ ನನಗೆ ದಕ್ಕಿದ ದೊಡ್ಡದು ಅದೇ. ಅದಕ್ಕೆ ಅವರು ತೆತ್ತದ್ದೇನೆಂದು ಅರಿತೇ ಮನೆಯ ಹುತ್ತರಿಯೂಟ ಉಂಡಿದ್ದೇನೆ.

ಇಗ್ಗುತಪ್ಪ ಅವರಿಗೆ ಆಯುರಾರೋಗ್ಯ ಕೊಡಲಿ. ಕಾಲು ಸೆಟೆದವರು ಇನ್ನೂ ಅವರ ಜಗಲಿ ಹುಡುಕಿಕೊಂಡು ಹೋಗಲಿ. ಆದರೆ ಈ ಸಲದ ಹುತ್ತರಿಗೆ ಅವರಿಗೆ ಡ್ಯೂಟಿಯಿಲ್ಲ. ಕದಿರು ಹೊತ್ತು ಆ ಹೊಸ್ತಿಲಿಗೇ ಹೋಗಬೇಕು.